ಪದಚರ್ಚೆ: ಮಂಡಿ ಆಪರೇಷನ್ನಿನ ಗೈಡ್ ‘ನಿಖರ’ ಅಂದರೆ ಯಾವುದು ನಿಖರ?

ಎಲ್ಲರಿಗೂ ನಮಸ್ಕಾರ.

ಮಂಡಿ ಕೀಲು ಬದಲಿ ಆಪರೇಷನ್‌ಗೆ ಬರುವವರಿಗಾಗಿ ಬರೆದ ಒಂದು ಕನ್ನಡ ಕೈಪಿಡಿಯನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಹೀಗೊಂದು ವಾಕ್ಯ ಇದೆ: ‘ರೋಗಿ-ನಿರ್ದಿಷ್ಟ ಕತ್ತರಿಸುವ ಮಾರ್ಗದರ್ಶಿಗಳು ಅತ್ಯಂತ ನಿಖರ.’ ಇಲ್ಲಿ ‘ಮಾರ್ಗದರ್ಶಿ’ಯೂ ಒಗ್ಗುತ್ತಿಲ್ಲ, ‘ನಿಖರ’ವೂ ಒಗ್ಗುತ್ತಿಲ್ಲ.

ವಸ್ತು ಏನು ಅಂತ ಮೊದಲು ಹೇಳಿಬಿಡುತ್ತೇನೆ. ಆಪರೇಷನ್‌ಗೆ ಮುಂಚೆ ಕಾಲಿನ ಎಂಆರ್‌ಐ ಇಲ್ಲವೇ ಸಿಟಿ ಸ್ಕ್ಯಾನ್ ತೆಗೆಯುತ್ತಾರೆ. ಅದರಿಂದ ಕಂಪ್ಯೂಟರಿನಲ್ಲಿ ಮೂಳೆಯ ರೂಪ ಕಟ್ಟಿ, ಎಲ್ಲಿ, ಯಾವ ಕೋನದಲ್ಲಿ ಕೊಯ್ಯಬೇಕು ಅಂತ ಗೊತ್ತುಮಾಡುತ್ತಾರೆ. ಸರ್ಜನ್ ಒಪ್ಪಿದ ಮೇಲೆ ನೈಲಾನಿನ ಒಂದು ತುಂಡು ತ್ರೀಡಿ ಪ್ರಿಂಟ್ ಆಗಿ ಬರುತ್ತದೆ. ಅದರ ಒಳಮೈ ಆ ಒಬ್ಬರ ಮೂಳೆಯ ಉಬ್ಬುತಗ್ಗಿಗೆ ಸರಿಯಾಗಿ ಕೂರುತ್ತದೆ. ಪಿನ್ ಹೊಡೆಯಲು ತೂತು ಇರುತ್ತವೆ, ಕೆಲವದರಲ್ಲಿ ಗರಗಸ ಆಡುವ ಸೀಳೂ ಇರುತ್ತದೆ. ತೊಡೆಮೂಳೆಯ ತುದಿಗೊಂದು, ಕೆಳಕಾಲಿನ ಮೂಳೆಯ ತಲೆಗೊಂದು. ಹಳೆಯ ಕ್ರಮದಲ್ಲಿ ತೊಡೆಮೂಳೆಯ ಒಳಗೆ ಸರಳು ತೂರಿಸಿ ಕೋನ ಹಿಡಿಯುತ್ತಾರೆ. ಇಲ್ಲಿ ಅದು ಬೇಕಿಲ್ಲ.

ಇದಕ್ಕೆ ‘ಕೊಯ್ಮಟ್ಟ’ ಆಗಬಹುದಾ? ಬಡಗಿಗಳ ಬಾಯಲ್ಲಿ ಮೂಲೆಮಟ್ಟ, ರಸಮಟ್ಟ ಇವತ್ತಿಗೂ ಇವೆ. ‘ಅಚ್ಚು’ ಅಂದರೆ ಏನನ್ನೋ ಎರಕ ಹೊಯ್ಯುವ ಹಾಗೆ ಕೇಳಿಸುತ್ತದೆ. ಓದುವವರಿಗೆ ‘ಗೈಡ್’ ಅಂತಲೇ ಬಿಟ್ಟರೆ ಸಾಕು ಅನ್ನುವವರಿದ್ದರೂ ಹೇಳಿ.

ನಿಜವಾದ ಕಷ್ಟ ‘ನಿಖರ’ದ್ದು. ಆ ಒಂದೇ ಪದದೊಳಗೆ ಮೂರು ಬೇರೆ ಬೇರೆ ಮಾತು ಅಡಗಿವೆ. ಒಂದು, ಗೈಡ್ ಮೂಳೆಯ ಮೇಲೆ ಅಲ್ಲಾಡದೆ ಕೂತಿತಾ? ಸಿಟಿಯಲ್ಲಿ ಮೃದ್ವಸ್ಥಿ (ಮೂಳೆಯ ತುದಿಗಿರುವ ನುಣುಪು ಹೊದಿಕೆ) ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಅದರಿಂದ ಮಾಡಿದ ಗೈಡ್ ಆದರೆ ಅದು ಕೂರುವ ಜಾಗದ ಮೃದ್ವಸ್ಥಿಯನ್ನು ಕೆರೆದು ತೆಗೆಯಬೇಕು. ತೆಳ್ಳನೆಯ ಪದರ ಉಳಿದರೂ ಗೈಡ್ ವಾಲುತ್ತದೆ. ಎರಡು, ಕೊಯ್ದದ್ದು ಯೋಜನೆಯಂತೆಯೇ ಬಂತಾ? ಗರಗಸದ ಅಲಗು ಗಟ್ಟಿ ಮೂಳೆಗೆ ತಾಗಿ ಬಾಗಬಹುದು. ಮೂರು, ಕೊನೆಗೆ ಕಾಲು ನೆಟ್ಟಗಾಯಿತಾ? ಸೊಂಟದ ಕೀಲಿನಿಂದ ಕಣಕಾಲಿನ ಕೀಲಿನವರೆಗಿನ ಗೆರೆ ಹಿಡಿದು ಇದನ್ನು ಅಳೆಯುತ್ತಾರೆ. ಸಾಮಾನ್ಯವಾಗಿ ಆಚೀಚೆ 3 ಡಿಗ್ರಿಯೊಳಗೆ ಇದ್ದರೆ ಸರಿ ಅಂತ ಲೆಕ್ಕ.

ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದವರಿಗೆ ಈ ಮೂರನೆಯದರಲ್ಲಿ ಹಳೆಯ ಕ್ರಮಕ್ಕಿಂತ ದೊಡ್ಡ ಲಾಭವೇನೂ ಕಂಡಿಲ್ಲ. ಕೆಳಕಾಲಿನ ಮೂಳೆಗೆ ಕೂರಿಸಿದ ಭಾಗದಲ್ಲಂತೂ ಆ 3 ಡಿಗ್ರಿ ಮಿತಿ ಮೀರಿದವು ಸ್ವಲ್ಪ ಜಾಸ್ತಿಯೇ ಸಿಕ್ಕಿದ್ದೂ ಉಂಟು. ಹೀಗಿರುವಾಗ ‘ಅತ್ಯಂತ ನಿಖರ’ ಅಂತ ಸುಮ್ನೆ ಬರೆದುಬಿಡುವುದು ತಪ್ಪು. ಜನ ಅದನ್ನು ನಂಬಿ ದುಡ್ಡು ಕೊಡುತ್ತಾರೆ.

ಇನ್ನೊಂದು ತೊಡಕು ಇದೆ. ಹತ್ತು ಕಾಲುಗಳಲ್ಲೂ ಒಂದೇ ಕಡೆಗೆ 4 ಡಿಗ್ರಿ ಓರೆ ಬಂದರೆ ಫಲಿತಾಂಶ ಒಂದೇ ಸಮ ಇದೆ, ಆದರೆ ಗುರಿ ತಪ್ಪಿದೆ. ಸರಾಸರಿ ಸರಿಯಿದ್ದು ಒಂದೊಂದು ಕಾಲು ಒಂದೊಂದು ಕಡೆಗೆ ವಾಲಿದ್ದರೆ ಅದು ಬೇರೆಯೇ ದೋಷ. ಅಳತೆಗೆ ಸಂಬಂಧಪಟ್ಟ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 5725 ಇವೆರಡನ್ನೂ ಬೇರೆ ಮಾಡಿ ಹೇಳುತ್ತದೆ. ಕನ್ನಡದಲ್ಲಿ ನಿಖರ, ಖಚಿತ, ಕರಾರುವಾಕ್ಕು ಮೂರನ್ನೂ ಎರಡಕ್ಕೂ ಬಳಸುತ್ತೇವೆ, ಅಲ್ವಾ? ಫಲಿತಾಂಶ ಒಂದೇ ಸಮ ಇರುವುದಕ್ಕೆ ‘ಒಂದೇಸಮತನ’, ಸರಾಸರಿ ಗುರಿಗೆ ಹತ್ತಿರ ಇರುವುದಕ್ಕೆ ‘ಗುರಿಬದ್ಧತೆ’ ಅಂತ ಯೋಚಿಸಿದೆ. ಎರಡನೆಯದು ನನಗೇ ಅಷ್ಟು ಹಿಡಿಸಿಲ್ಲ. ಎಂಜಿನಿಯರಿಂಗ್ ಅಥವಾ ಸರ್ವೆ ಕೆಲಸದಲ್ಲಿರುವವರು ಏನನ್ನುತ್ತೀರಿ?

ಹಾಗೆಯೇ, ಪತ್ರಿಕೆಗಳು ಇದನ್ನು ‘ಮಂಡಿಚಿಪ್ಪು ಬದಲಾವಣೆ’ ಅಂತಲೂ ಬರೆಯುತ್ತವೆ. ಬದಲಾಗುವುದು ಮುಖ್ಯವಾಗಿ ತೊಡೆ ಮತ್ತು ಕೆಳಕಾಲಿನ ಮೂಳೆಗಳ ಮೇಲ್ಮೈ. ಎಷ್ಟೋ ಸಲ ಚಿಪ್ಪನ್ನು ಹಾಗೇ ಬಿಡುತ್ತಾರೆ. ಹಾಗಾಗಿ ‘ಮಂಡಿ ಕೀಲು ಬದಲಿ’ ಅಂತ ಇಟ್ಟುಕೊಂಡಿದ್ದೇನೆ. ಧಾರವಾಡ, ಕಲಬುರಗಿ ಕಡೆಯವರಿಗೆ ‘ಮೊಳಕಾಲು’ ಹತ್ತಿರವಾದರೆ ತಿಳಿಸಿ, ಎರಡನ್ನೂ ಹಾಕುತ್ತೇನೆ.