ರೀಜೆನ್ಸಿಯಲ್ಲಿ ಮನಸ್ಸು ಒಣಗಿದೆ, ದೀಕ್ಷೆ ಇನ್ನೂ ದೂರ: ಈ ದಾರಿ ನಡೆದವರು ಅನುಭವ ಹೇಳಿ

ಕೇಳಿದವರು: ಹಾಸ್ಟೆಲ್ ಬ್ರದರ್

ಎಲ್ಲರಿಗೂ ನಮಸ್ಕಾರ. ಕ್ಯಾಥೊಲಿಕ್ ಪಾದ್ರಿಯಾಗಲು ಗುರುಮಠದಲ್ಲಿ (ಸೆಮಿನರಿ) ಓದುತ್ತಿರುವ ಬ್ರದರ್ ನಾನು. ಫಿಲಾಸಫಿ ಮುಗಿಸಿ ರೀಜೆನ್ಸಿಗೆ, ಅಂದರೆ ಓದಿನ ಮಧ್ಯೆ ಹೊರಗೆ ಸೇವೆ ಮಾಡುವ ಅವಧಿಗೆ, ಬಂದಿದ್ದೇನೆ. ವಯಸ್ಸು 26. ಶಾಲೆಯಲ್ಲಿ ಎರಡು ಪೀರಿಯಡ್ ಪಾಠ, ಉಳಿದ ಹೊತ್ತೆಲ್ಲ ಹಾಸ್ಟೆಲ್ ಮಕ್ಕಳ ಅಕ್ಕಿ, ಬೇಳೆ, ಗ್ಯಾಸ್ ಲೆಕ್ಕ. ಬೆಳಗ್ಗೆ ಪ್ರಾರ್ಥನೆಗೆ ಕೂತರೆ ಏನೂ ಅನ್ನಿಸುವುದಿಲ್ಲ. ಮುಂದೆ ಥಿಯಾಲಜಿ ನಾಲ್ಕು ವರ್ಷ ಇದೆ. ಆಮೇಲೆ ಗುರುದೀಕ್ಷೆ, ಅಂದರೆ ಪಾದ್ರಿಪಟ್ಟ. ಅಲ್ಲಿಯವರೆಗೆ ದೇವರಿಗೆ ನಿಷ್ಠೆಯಿಂದ ಇರುವುದು ಹೇಗೆ? ಇನ್ನೊಂದು ವಿಷಯ. ಹೋದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಅಮ್ಮ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಒಂದು ವರ್ಷ ರಜೆ ಕೇಳಿ ಮನೆಗೆ ಹೋದರೆ ಮತ್ತೆ ಸೇರಿಸಿಕೊಳ್ಳುತ್ತಾರಾ? ಹಾಗೆ ಹೋಗಿ ಬಂದವರಿದ್ದರೆ ದಯವಿಟ್ಟು ಹೇಳಿ.

ಮಾಜಿ ಬ್ರದರ್, ಕಾಫಿ ಸೀಮೆ:

ಥಿಯಾಲಜಿ ಎರಡನೇ ವರ್ಷ ಮುಗಿಸಿ ಹೊರಗೆ ಬಂದವನು ನಾನು. ಓಡಿ ಬಂದವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಗುರುಮಠದ ಮುಖ್ಯಸ್ಥರಾದ ರೆಕ್ಟರ್ ಹತ್ತಿರ ಕೂತು ಮಾತಾಡಿ, ಬಿಷಪ್ಪರಿಗೆ ಪತ್ರ ಬರೆದು, ಒಪ್ಪಿಗೆ ತಗೊಂಡೇ ಬಂದೆ. ಊರಲ್ಲಿ ಮಾತ್ರ "ಹುಡುಗಿ ವಿಷಯವಂತೆ" ಅಂತ ಸುದ್ದಿ ನನಗಿಂತ ಮುಂಚೆ ಬಸ್ ಇಳಿದಿತ್ತು.

ಬಿಟ್ಟು ಬಂದ ಮೇಲೆ ಏನಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಕೈಯಲ್ಲಿ ಇದ್ದದ್ದು ಪಿಯುಸಿ ಮಾರ್ಕ್ಸ್ ಕಾರ್ಡು ಮತ್ತು ಫಿಲಾಸಫಿ ಸರ್ಟಿಫಿಕೇಟು. ಕೆಲಸ ಕೇಳಿದ ಶಾಲೆಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಡಿಗ್ರಿ ಎಲ್ಲಿ?" ಅಂದರು. ದೂರಶಿಕ್ಷಣದಲ್ಲಿ ಬಿಎ ಕಟ್ಟಿದೆ. ಫೀಸು, ಪುಸ್ತಕ, ಪರೀಕ್ಷೆಗೆ ಹೋದಾಗ ಲಾಡ್ಜು ಎಲ್ಲಾ ಸೇರಿ ₹38,000. ಆಮೇಲೆ ಬಿಎಡ್‌ಗೆ ₹1,10,000. ಅದರಲ್ಲಿ ₹60,000 ಅಕ್ಕನ ಬಳೆ ಅಡವಿಟ್ಟು ತಂದದ್ದು. ಬಡ್ಡಿ ಕಟ್ಟಿ ಬಳೆ ಬಿಡಿಸುವಷ್ಟರಲ್ಲಿ ಭಾವನ ಹತ್ತಿರ ಮಾತೇ ನಿಂತುಹೋಗಿತ್ತು. ಮೊದಲ ಸಂಬಳ ₹9,500. ಶಾಲೆಗೆ ಹಾಕಿಕೊಂಡು ಹೋಗಲು ಬಣ್ಣದ ಅಂಗಿ ಅಂತ ಇದ್ದದ್ದು ಎರಡೇ.

ಆದರೆ ಬಿಟ್ಟು ಬಂದವನು ದೇವರನ್ನೂ ಬಿಟ್ಟ ಅಂತ ತಿಳಿಯಬೇಡಿ. ಈಗಲೂ ಬೆಳಗಿನ ಕೀರ್ತನೆಗಳನ್ನು ಓದಿಯೇ ಗಾಡಿ ಹತ್ತುವುದು. ಗುರುಮಠದಲ್ಲಿ ಗಂಟೆ ಹೊಡೆದರೆ ಓದುತ್ತಿದ್ದೆ. ಈಗ ಗಂಟೆ ಹೊಡೆಯುವವರು ಯಾರೂ ಇಲ್ಲ.

ಫಾದರ್ ಅಮ್ಮ:

ಅಯ್ಯೋ ಮಗಾ, ಇಂಥವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ನನ್ನ ಮಗನ ಕಥೆ ಕೇಳು. ಕನ್ನಡ ಮೀಡಿಯಂ ಹುಡುಗ. ಗುರುಮಠದಲ್ಲಿ ಪಾಠವೆಲ್ಲ ಇಂಗ್ಲಿಷು. ಮೊದಲನೇ ವರ್ಷವೇ ಎರಡು ಪೇಪರ್ ಹೋಯಿತು. ಫೋನ್ ಮಾಡಿ ಅಳುತ್ತಿದ್ದ. ಆಗ ನಮ್ಮ ಧರ್ಮಕೇಂದ್ರದ (ಊರಿನ ಚರ್ಚಿನ) ಗುರುಗಳು ಫ್ರಾನ್ಸಿನ ಸಂತ ಜಾನ್ ಮರಿಯ ವಿಯಾನ್ನಿ ಕಥೆ ಹೇಳಿದರು. ಅವರಿಗೂ ಲ್ಯಾಟಿನ್ ತಲೆಗೆ ಹತ್ತಲಿಲ್ಲವಂತೆ, ಪರೀಕ್ಷೆಯಲ್ಲಿ ಸೋತರಂತೆ. ಕೊನೆಗೆ 1815ರಲ್ಲಿ, 29ನೇ ವಯಸ್ಸಿಗೆ ದೀಕ್ಷೆ ಆಯಿತು. ಇವತ್ತು ಧರ್ಮಕೇಂದ್ರದ ಗುರುಗಳಿಗೆಲ್ಲ ಅವರೇ ಪಾಲಕ ಸಂತರು. ನನ್ನ ಮಗನೂ ಕೂತು ಓದಿ ಪಾಸು ಮಾಡಿದ. ನಾನು ಪ್ರತಿ ತಿಂಗಳ ಮೊದಲ ಶುಕ್ರವಾರ ಉಪವಾಸ ಬಿಡಲಿಲ್ಲ. ಶುಗರ್ ಬಂದ ಮೇಲೂ ಬಿಡಲಿಲ್ಲ, ಡಾಕ್ಟರ್ ಹತ್ತಿರ ಬೈಸಿಕೊಂಡೆ.

ದೀಕ್ಷೆ ದಿನದ ಖರ್ಚು ಈಗಲೇ ತಿಳಿದಿರಲಿ, ಆಮೇಲೆ ಗಾಬರಿ ಬೀಳಬೇಡ. ಪೂಜೆ ಪಾತ್ರೆಗೆ ಚಿನ್ನದ ನೀರು ಕೊಡಿಸಿ ₹42,000. ಹಸಿರು, ಬಿಳಿ, ಕೆಂಪು, ನೇರಳೆ ನಾಲ್ಕು ಬಣ್ಣದ ಪೂಜಾವಸ್ತ್ರ ₹26,000. ಶಾಮಿಯಾನ, ಕುರ್ಚಿ ₹55,000. ಊಟ 900 ಎಲೆಗೆ ಹೇಳಿದ್ದೆವು, ಎಲೆಗೆ ₹320ರಂತೆ ₹2,88,000. ಬಂದವರು ಅದಕ್ಕಿಂತ ಜಾಸ್ತಿ. ಕೊನೆಯ ಪಂಕ್ತಿಗೆ ಬಿರಿಯಾನಿ ಮುಗಿದು, ಹೋಟೆಲಿನಿಂದ ಚಿತ್ರಾನ್ನ ತರಿಸಿದೆವು. ಮಂಗಳೂರು ಕಡೆಯ ನೆಂಟರು "ಹಂದಿ ಮಾಂಸ ಇಲ್ಲದ ಹಬ್ಬ ಏನು ಹಬ್ಬ" ಅಂತ ಮುಖ ತಿರುಗಿಸಿ ಹೋದರು. ಇವತ್ತಿಗೂ ಅದೇ ಮಾತು.

ಮಾಜಿ ಬ್ರದರ್, ಕಾಫಿ ಸೀಮೆ:

ಇಂಥವರು ಅಂದರೆ ಎಂಥವರು ಅಮ್ಮಾ? ಕ್ಯಾಥೊಲಿಕ್ ಸಭೆಯ ಕಾನೂನೇ 25 ವರ್ಷ ತುಂಬುವ ಮೊದಲು ಗುರುದೀಕ್ಷೆ ಕೊಡಬೇಡಿ ಅನ್ನುತ್ತದೆ. ಫಿಲಾಸಫಿ, ಥಿಯಾಲಜಿ ಸೇರಿ ಕನಿಷ್ಠ ಆರು ವರ್ಷ ಓದಿಸಿ ಅನ್ನುತ್ತದೆ. ಡೀಕನ್ (ಗುರುವಿಗಿಂತ ಒಂದು ಮೆಟ್ಟಿಲು ಕೆಳಗಿನ ಪಟ್ಟ) ಆದ ಮೇಲೂ ಆರು ತಿಂಗಳು ಕಾಯಿಸುತ್ತದೆ. ಅಷ್ಟು ವರ್ಷ ಇಟ್ಟಿರುವುದು ಒಳಗಿರಬೇಕಾದವನು ಇರಲಿ, ಹೊರಡಬೇಕಾದವನು ಹೊರಡಲಿ ಅಂತ. ಹೊರಟವನು ಸೋತವನಲ್ಲ. ನಿಮ್ಮ ಬಿರಿಯಾನಿ ಲೆಕ್ಕ ಕೇಳಿದವರು ಯಾರು?

ವಾಕ್ಯ ಒಂದೇ ಸಾಕು:

ಸಹೋದರರೇ, ಇದೆಲ್ಲ ಮನುಷ್ಯರು ಮಾಡಿದ ಕಟ್ಟಳೆ. ಮೀನುಗಾರ ಪೇತ್ರನಿಗೆ ಯಾವ ಗುರುಮಠ? ಬಲೆ ಬಿಟ್ಟ, ಯೇಸುವಿನ ಹಿಂದೆ ಹೋದ. ನಾನು ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದೆ. ರಕ್ಷಣೆ ಹೊಂದಿ ದೀಕ್ಷಾಸ್ನಾನ ಆದ ವರ್ಷವೇ ಮನೆಸಭೆ ಶುರು ಮಾಡಿದೆ. ಹೋರಾಟ ಇರಲಿಲ್ಲವಾ? ಇತ್ತು. ಹಾಲ್ ಬಾಡಿಗೆ ₹14,000, ಅಡ್ವಾನ್ಸ್ ಒಂದು ಲಕ್ಷ. ಅಕ್ಕಪಕ್ಕದವರು ಸದ್ದು ಅಂತ ದೂರು ಕೊಟ್ಟರು. ಮಾಲೀಕ ಖಾಲಿ ಮಾಡಿಸಿ, ಸುಣ್ಣ ಬಣ್ಣದ ಹೆಸರಲ್ಲಿ ಅಡ್ವಾನ್ಸಿನಲ್ಲಿ ₹35,000 ಹಿಡಿದುಕೊಂಡ. ಆಮೇಲೆ ಕೀಬೋರ್ಡ್ ನುಡಿಸುತ್ತಿದ್ದ ಹುಡುಗ ಅರ್ಧ ಸಭೆ ಕರೆದುಕೊಂಡು ಹಿಂದಿನ ಬೀದಿಯಲ್ಲಿ ಬೇರೆ ಸಭೆ ಮಾಡಿದ. ಕೀಬೋರ್ಡೂ ಅವನ ಜೊತೆಗೇ ಹೋಯಿತು. ಅದು ₹32,000, ನನ್ನ ದುಡ್ಡು. ಆದರೂ ಒಂದು ಭಾನುವಾರವೂ ಆರಾಧನೆ ನಿಲ್ಲಿಸಲಿಲ್ಲ. ಸ್ತೋತ್ರ.

ಅಯ್ಯನವರ ಮನೆಯವರು:

ವಾಕ್ಯ ಸಾಕು ಅನ್ನುವವರು ವಾಕ್ಯ ಪೂರ್ತಿ ಓದಬೇಕು ಅಲ್ವಾ? ಪೇತ್ರ ಬಲೆ ಬಿಟ್ಟ ಮರುದಿನವೇ ಮೈಕ್ ಹಿಡಿಯಲಿಲ್ಲ. ಸ್ವಾಮಿಯ ಹಿಂದೆ ವರ್ಷಗಟ್ಟಲೆ ನಡೆದ, ಬೈಸಿಕೊಂಡ, ಕೋಳಿ ಕೂಗುವ ಮುಂಚೆ ಸ್ವಾಮಿಯನ್ನು ಅರಿಯೆ ಅಂದು ಬಿದ್ದೂ ಎದ್ದ. ಅಪೊಸ್ತಲ ಪೌಲ ದಮಸ್ಕದ ದಾರಿಯಲ್ಲಿ ದರ್ಶನ ಆದ ಮೇಲೆ ಅರಬಸ್ಥಾನಕ್ಕೆ ಹೋದ. ಮೂರು ವರ್ಷ ಕಳೆದ ಮೇಲೆ ಯೆರೂಸಲೇಮಿಗೆ ಬಂದ. ಆಮೇಲೆ 14 ವರ್ಷಕ್ಕೆ ಮತ್ತೆ ಯೆರೂಸಲೇಮಿಗೆ ಹೋದ ಮಾತೂ ಇದೆ. ಬೈಬಲಿನ ಗಲಾತ್ಯ ಪತ್ರದ 1 ಮತ್ತು 2ನೇ ಅಧ್ಯಾಯ ತೆಗೆದು ನೋಡಿ.

ನಮ್ಮದು ಸಿಎಸ್‌ಐ, ಪ್ರೊಟೆಸ್ಟೆಂಟ್ ಸಭೆ. ನಮ್ಮ ಯಜಮಾನರು ಡಿಗ್ರಿ ಮುಗಿಸಿ, ಒಂದು ವರ್ಷ ಹಳ್ಳಿ ಸಭೆಯಲ್ಲಿ ಕೆಲಸ ಮಾಡಿ, ಆಮೇಲೆ ಬಿ.ಡಿ.ಗೆ (ದೇವಶಾಸ್ತ್ರದ ಡಿಗ್ರಿ) ಹೋದರು. ಹೀಬ್ರು ಕ್ರಿಯಾಪದ ಬಾಯಿಪಾಠ ಮಾಡುತ್ತಾ ನಿದ್ದೆಯಲ್ಲೂ ಹೇಳುತ್ತಿದ್ದರು. ಅದು ಪರವಾಗಿಲ್ಲ. ಓದು ಮುಗಿದ ಮೇಲೆ ಶುರುವಾಯಿತು ನೋಡಿ ಕಷ್ಟ. ಮೇಲಿನವರ ಎರಡು ಗುಂಪು ಕೋರ್ಟಿಗೆ ಹೋಗಿ ದೀಕ್ಷೆಗಳೆಲ್ಲ ನಿಂತವು. ಒಮ್ಮೆ ಕಾರ್ಡು ಹೊಡೆಸಿದೆವು, ₹7,200. ದಿನ ಮುಂದೆ ಹೋಯಿತು. ಮತ್ತೆ ಹೊಡೆಸಿದೆವು, ಆಗ ₹8,900. ಅದೂ ಹೋಯಿತು. ಮೂರನೇ ಸಲ ವಾಟ್ಸಾಪಿನಲ್ಲೇ ಕರೆದೆ. ಹೊಲಿಸಿಟ್ಟ ಬಿಳಿ ನಿಲುವಂಗಿ ಅಷ್ಟರಲ್ಲಿ ಹೊಟ್ಟೆಗೆ ಬಿಗಿ. ಬಿಚ್ಚಿ ಅಗಲ ಮಾಡಿಸಲು ₹600. ಈ ಮಧ್ಯೆ ಅರ್ಧ ಸಂಬಳದಲ್ಲಿ ಎರಡು ವರ್ಗಾವಣೆ. ಲಾರಿಯಲ್ಲಿ ಫ್ರಿಜ್ಜಿನ ಬಾಗಿಲು ಮುರಿಯಿತು, ಇವತ್ತಿಗೂ ಹಗ್ಗ ಕಟ್ಟಿದ್ದೇವೆ. ದೀಕ್ಷೆ ಆಗದೆ ದೀಕ್ಷಾಸ್ನಾನ, ಪ್ರಭುಭೋಜನದಂಥ ಸಂಸ್ಕಾರ ನಡೆಸುವ ಅಧಿಕಾರ ಇಲ್ಲ. ಆದರೆ ಮಣ್ಣು ಮಾಡಲು, ಆಸ್ಪತ್ರೆಗೆ, ರಾತ್ರಿ ಕುಡಿದು ಜಗಳ ಆಡುವವರ ಮನೆಗೆ ಇವರೇ ಬೇಕು.

ಬ್ರದರ್‌ಗೆ ಮನಸ್ಸು ಒಣಗಿದೆಯಂತೆ. ಒಂಟಿ ಪ್ರಾಣ ತಾನೇ. ಎರಡು ಮಕ್ಕಳ ಸ್ಕೂಲ್ ಫೀಸು ಕಟ್ಟಿಕೊಂಡು ಕಾಯುವವರನ್ನು ಕೇಳಿ.

ಫಾದರ್ ಅಮ್ಮ:

ಒಂಟಿ ಪ್ರಾಣ ಅಂತ ಹಗುರ ಮಾಡಬೇಡಿ ಅಮ್ಮಾ. ನಿಮಗೆ ಮೊಮ್ಮಕ್ಕಳು ಬರುತ್ತಾರೆ. ನಾನು ಇದ್ದ ಒಬ್ಬ ಮಗನನ್ನು ಕೊಟ್ಟವಳು.

ವಾಕ್ಯ ಒಂದೇ ಸಾಕು:

ಗಲಾತ್ಯ ನನಗೂ ಗೊತ್ತು. ಅರಬಸ್ಥಾನದಲ್ಲಿ ಕಾಲೇಜಿತ್ತು ಅಂತ ಎಲ್ಲಿ ಬರೆದಿದೆ? ಹೋಗಲಿ, ಕೋರ್ಟಿಗೆ ಹೋಗುವ ಸಭೆಯವರು ನಮಗೆ ಪಾಠ ಹೇಳಬೇಕಾಗಿಲ್ಲ.

ಅಯ್ಯನವರ ಮನೆಯವರು:

ಕೀಬೋರ್ಡಿಗಾಗಿ ಒಡೆದ ಸಭೆಯವರು ಹೇಳಬಹುದಾ?

ಒಬ್ಬ ಸಿಸ್ಟರ್:

ಜಗಳ ಸಾಕು ಮಾಡಿ. ಆ ಹುಡುಗ ಕೇಳಿದ್ದು ಒಣಗಿದ ಪ್ರಾರ್ಥನೆಯ ವಿಷಯ. ನಾನು ನಾವಿಶಿಯೇಟಿನಲ್ಲಿ, ಅಂದರೆ ಕಾನ್ವೆಂಟಿನ ಮೊದಲ ತರಬೇತಿಯಲ್ಲಿ, ಇದ್ದಾಗ ಕೊಟ್ಟ ಕೆಲಸ ಹಂದಿ ಗೂಡು ಮತ್ತು ಲಾಂಡ್ರಿ. ಆಮೇಲೆ ತಾತ್ಕಾಲಿಕ ವ್ರತ. ಸಭೆ ಅದನ್ನು ಮೂರು ವರ್ಷಕ್ಕೆ ಕಡಿಮೆ ಮಾಡುವುದಿಲ್ಲ, ಒಂಬತ್ತರವರೆಗೂ ಎಳೆಯಬಹುದು. ನನ್ನದನ್ನು ಎಳೆದರು. "ಸಿಟ್ಟು ಜಾಸ್ತಿ" ಅಂತ ವರದಿ ಬರೆದಿದ್ದರು. ನನ್ನ ಜೊತೆಯವರು ಹೂವಿನ ಹಾರ ಹಾಕಿಕೊಂಡು ಕೊನೆಯ ವ್ರತ ತಗೊಂಡ ದಿನ ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಆ ವರದಿ ಬರೆದವರ ಮೇಲೆ ಈಗಲೂ ನನಗೆ ಪ್ರೀತಿ ಇಲ್ಲ, ಕ್ಷಮೆ ಇದೆ ಅಷ್ಟೇ.

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಹೊರಗೆ ಬಂದವು. ಹತ್ತಾರು ವರ್ಷ ಪ್ರಾರ್ಥನೆಯಲ್ಲಿ ಕತ್ತಲೆ ಬಿಟ್ಟು ಬೇರೇನೂ ಇರಲಿಲ್ಲ ಅಂತ ಅವರೇ ಬರೆದಿದ್ದಾರೆ. ಹಾಗಿದ್ದೂ ಬೆಳಗಿನ ಜಪಕ್ಕೆ ಕೂರುವುದನ್ನು ಬಿಟ್ಟವರಲ್ಲ. ಏನೂ ಅನ್ನಿಸದಿದ್ದರೂ ಕೂರು ಬ್ರದರ್. ಅನ್ನಿಸುವುದು ನಿನ್ನ ಕೈಲಿಲ್ಲ, ಕೂರುವುದು ಇದೆ.

ಅಕ್ಕಿ ಬೇಳೆ ಲೆಕ್ಕದ ಬಗ್ಗೆ ಬೇಜಾರು ಬೇಡ. ಬೈಬಲಿನ ಯೋಸೇಫನನ್ನು ಅವನ ಅಣ್ಣಂದಿರು 17ರ ವಯಸ್ಸಿಗೆ ಮಾರಿದರು. ಈಜಿಪ್ಟಿನ ರಾಜ ಫರೋಹನ ಮುಂದೆ ನಿಂತಾಗ 30. ಮಧ್ಯೆ ಏನು ಮಾಡಿದ? ಪೋಟೀಫರನ ಮನೆ ಉಸ್ತುವಾರಿ, ಸೆರೆಮನೆ ಉಸ್ತುವಾರಿ. ಸೆರೆಯಲ್ಲಿ ಜೊತೆಗಿದ್ದ ರಾಜನ ಪಾನದಾಯಕ ಅವನನ್ನು ಮರೆತು ಎರಡು ವರ್ಷ ಆಯಿತು. ಆಗಲೂ ಅದೇ ಉಸ್ತುವಾರಿ. ಕೊನೆಗೆ ದೇವರು ಕೊಟ್ಟ ದೊಡ್ಡ ಕೆಲಸ ಯಾವುದು ಅಂದುಕೊಂಡೆ? ಏಳು ವರ್ಷದ ಧಾನ್ಯ ಶೇಖರಿಸಿ ಅಳೆದು ಕೊಡುವುದು.

ಹಾಸ್ಟೆಲ್ ಬ್ರದರ್:

ಎಲ್ಲರಿಗೂ ವಂದನೆ. ಸಿಸ್ಟರ್, ನಿಮ್ಮ ಮಾತು ಬರೆದಿಟ್ಟುಕೊಂಡೆ. ಅಪ್ಪನ ವಿಷಯ, ಒಂದು ವರ್ಷ ರಜೆ ವಿಷಯ ಯಾರಿಗಾದರೂ ಗೊತ್ತಾ?

ಫಾದರ್ ಅಮ್ಮ:

ಅಪ್ಪನಿಗಾಗಿ ಜಪಸರ ಮಾಡು ಮಗಾ. ಮನೆಗೆ ಹೋದವರು ವಾಪಸ್ ಬಂದದ್ದು ನಾನು ನೋಡಿಲ್ಲ.

ಮಾಜಿ ಬ್ರದರ್, ಕಾಫಿ ಸೀಮೆ:

ನಾನು ನೋಡಿದ್ದೇನೆ. ನನ್ನ ಬ್ಯಾಚಿನವನೊಬ್ಬ ತಾಯಿಗೆ ಕ್ಯಾನ್ಸರ್ ಅಂತ ಬಿಷಪ್ಪರ ಒಪ್ಪಿಗೆ ಪಡೆದು ಮನೆಗೆ ಹೋದ. ತಾಯಿಯನ್ನು ಮಣ್ಣು ಮಾಡಿ ವಾಪಸ್ ಬಂದ, ಈಗ ಗುರು. ಬಾಯಿಮಾತಿನಲ್ಲಿ ಹೋಗಬೇಡ. ಲಿಖಿತವಾಗಿ ಕೇಳು, ಉತ್ತರವನ್ನೂ ಲಿಖಿತವಾಗಿ ತಗೋ. ನಿನ್ನ ಧರ್ಮಕೇಂದ್ರದ ಗುರುಗಳಿಂದಲೂ ಒಂದು ಪತ್ರ ಬರೆಸು. ಪತ್ರ ಇಲ್ಲದೆ ಹೋದರೆ ಬಿಟ್ಟವನ ಲೆಕ್ಕಕ್ಕೆ ಹಾಕುತ್ತಾರೆ. ಮನೆಯ ಹತ್ತಿರದ ಧರ್ಮಕೇಂದ್ರದಲ್ಲೇ ರೀಜೆನ್ಸಿ ಮುಂದುವರಿಸಲು ಕೊಡುತ್ತೀರಾ ಅಂತಲೂ ಕೇಳಿ ನೋಡು. ಕೆಲವು ಬಿಷಪ್ಪರು ಒಪ್ಪುತ್ತಾರೆ. ಅಪ್ಪನಿಗೆ ಫಿಸಿಯೋಥೆರಪಿ ಮಾತ್ರ ಈಗಲೇ ಮಾಡಿಸಿ, ತಡ ಮಾಡಬೇಡಿ. ನಮ್ಮ ಮಾವನಿಗೆ ದಿನಕ್ಕೆ ₹400 ಕೊಟ್ಟು ಮನೆಗೇ ಕರೆಸಿದ್ದೆವು.

ಕಡಲ ಕರೆಯವಳು:

ಇಡೀ ಥ್ರೆಡ್ ಓದಿದೆ. ಫಾದರ್ ಅಮ್ಮನವರೇ, ಮಂಗಳೂರು ನೆಂಟರು ಮುಖ ತಿರುಗಿಸಿದರು ಅಂದಿರಲ್ಲ. ದೀಕ್ಷೆ ಊಟಕ್ಕೆ ದುಕ್ರಾ ಮಾಸ್ (ಹಂದಿ ಮಾಂಸದ ಅಡುಗೆ), ಸನ್ನ (ಇಡ್ಲಿಯಂಥದ್ದು) ಇಲ್ಲದಿದ್ದರೆ ನಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದರಲ್ಲಿ ತಪ್ಪೇನು?

ಫಾದರ್ ಅಮ್ಮ:

ಊಟ ಮಾಡಿದವರು ಲಕೋಟೆಯಲ್ಲಿ ₹101 ಇಟ್ಟು ಹೋದರೆ ತಪ್ಪಿದೆ ತಾಯಿ. ಹೆಸರು ಬರೆದ ಪಟ್ಟಿ ನನ್ನ ಹತ್ತಿರ ಇದೆ.