ಸಿ ಮೇಜರ್ ಕಾರ್ಡ್ ನುಡಿಯುತ್ತಿಲ್ಲ, ನೀವು ಹೇಗೆ ಕಲಿತಿರಿ?

ಸೋಮವಾರಪೇಟೆಯಿಂದ ಪ್ರಶ್ನೆ:
ಕಾಫಿ ಕೊಯ್ಲು ಮುಗಿದ ಮೇಲೆ ಗಿಟಾರ್ ಕೊಂಡೆ. ಹತ್ತಿರದಲ್ಲಿ ಕಲಿಸುವವರಿಲ್ಲ, ಮೊಬೈಲ್ ನೋಡಿಯೇ ಅಭ್ಯಾಸ. ಸಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ಎರಡು ತಂತಿಗಳಿಂದ ಸದ್ದೇ ಬರುವುದಿಲ್ಲ. ಬೆರಳ ತುದಿಗಳು ಉರಿಯುತ್ತಿವೆ. ಮಳೆ ಹಿಡಿದ ಮೇಲಂತೂ ತಂತಿ ಒತ್ತುವುದೇ ಕಷ್ಟವಾಗಿದೆ. ಕಲಿತವರು ದಯವಿಟ್ಟು ದಾರಿ ಹೇಳಿ.

ಮಡಿಕೇರಿಯಿಂದ:
ಸಿ ಮೇಜರನ್ನು ಸ್ವಲ್ಪ ದಿನ ಬದಿಗಿಡಿ, ಇ ಮೇಜರ್‌ನಿಂದ ಹೊರಡಿ. ಎಲ್ಲಕ್ಕಿಂತ ಸಣ್ಣ ತಂತಿ ಒಂದನೆಯದು, ದಪ್ಪನೆಯದು ಆರನೆಯದು. ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿ, ಬೆರಳಿಡುವುದು ಅದರ ಹಿಂದೆ. ಐದನೆಯ ತಂತಿಯ ಎರಡನೇ ಫ್ರೆಟ್‌ನಲ್ಲಿ ಮಧ್ಯದ ಬೆರಳು, ನಾಲ್ಕನೆಯ ತಂತಿಯ ಎರಡನೇ ಫ್ರೆಟ್‌ನಲ್ಲಿ ಉಂಗುರ ಬೆರಳು, ಮೂರನೆಯ ತಂತಿಯ ಮೊದಲ ಫ್ರೆಟ್‌ನಲ್ಲಿ ತೋರುಬೆರಳು. ಆರು ತಂತಿಗಳನ್ನೂ ಮೀಟಬಹುದು, ಯಾವುದನ್ನೂ ತಪ್ಪಿಸಬೇಕಾಗಿಲ್ಲ.

ಇದೇ ಆಕಾರವನ್ನು ಹಾಗೆಯೇ ಒಂದು ತಂತಿ ಕೆಳಕ್ಕೆ, ಸಣ್ಣ ತಂತಿಗಳ ಕಡೆಗೆ ಸರಿಸಿದರೆ ಎ ಮೈನರ್. ಅಲ್ಲಿಂದ ಉಂಗುರ ಬೆರಳನ್ನು ಮಾತ್ರ ಎತ್ತಿ ಐದನೆಯ ತಂತಿಯ ಮೂರನೇ ಫ್ರೆಟ್‌ಗೆ ಒಯ್ದರೆ ನಿಮ್ಮ ಸಿ ಮೇಜರ್ ಸಿದ್ಧ. ಆರನೆಯ ತಂತಿಯನ್ನು ಮಾತ್ರ ಮೀಟಬೇಡಿ. ನಾನು ಮಕ್ಕಳಿಗೆ ಹೇಳಿಕೊಡುವುದು ಇದೇ ದಾರಿಯಲ್ಲಿ.

ಸದ್ದು ಬಾರದಿದ್ದರೆ ಇನ್ನಷ್ಟು ಬಲ ಹಾಕುವ ಮೊದಲು ತಂತಿಗಳನ್ನು ಒಂದೊಂದಾಗಿ ಮೀಟಿ. ಒಂದನೆಯದು ಮೂಕವಾಗಿದ್ದರೆ ತೋರುಬೆರಳು ಬಾಗಿ ಅದಕ್ಕೆ ತಗುಲುತ್ತಿದೆ. ನಾಲ್ಕನೆಯದಾದರೆ ಬಹುತೇಕ ಉಂಗುರ ಬೆರಳಿನ ಕೆಲಸ. ಹೆಬ್ಬೆರಳನ್ನು ಕತ್ತಿನ ಹಿಂಭಾಗದ ನಡುವಿಗೆ ಇಳಿಸಿ, ಆಗ ಬೆರಳುಗಳು ತಾವಾಗಿಯೇ ಕಮಾನಾಗಿ ನಿಲ್ಲುತ್ತವೆ. ಎಡಗೈಯ ಉಗುರು ಬೆಳೆದಿದ್ದರೆ ಮೊದಲು ಕತ್ತರಿಸಿ. ಫ್ರೆಟ್ ಪಟ್ಟಿಯ ಮೇಲೆ ಒತ್ತದೆ, ಅದಕ್ಕೆ ತೀರ ಹತ್ತಿರ, ಹಿಂದುಗಡೆ ಒತ್ತಿದರೆ ಅರ್ಧ ಬಲವೇ ಸಾಕು.

ಕುಶಾಲನಗರದಿಂದ:
ಸಂಗೀತ ಪಾಠಕ್ಕೆ ಹೋದವರಾಗಿದ್ದರೆ ಒಂದು ಸಂತೋಷದ ಸಂಗತಿ ಹೇಳುತ್ತೇನೆ. ಮೇಜರ್ ಕಾರ್ಡ್ ಎಂದರೆ ಷಡ್ಜ, ಅಂತರ ಗಾಂಧಾರ, ಪಂಚಮ, ಅಷ್ಟೆ. ಇ ಮೇಜರ್ ಹಿಡಿದು ದಪ್ಪ ತಂತಿಯಿಂದ ಸಣ್ಣದಕ್ಕೆ ಮೀಟುತ್ತಾ ಹೋಗಿ: ಸ, ಪ, ಸ, ಗ, ಪ, ಸ. ಈಗ ತೋರುಬೆರಳನ್ನು ಎತ್ತಿ. ಗಾಂಧಾರ ಒಂದು ಸ್ವರಸ್ಥಾನ ಇಳಿದು ಸಾಧಾರಣ ಗಾಂಧಾರವಾಗುತ್ತದೆ, ಮೇಜರ್ ಹೋಗಿ ಮೈನರ್ ಬರುತ್ತದೆ. ಒಂದು ಬೆರಳಿನಿಂದ ಕಾರ್ಡಿನ ಬಣ್ಣವೇ ಬದಲಾಗುವುದನ್ನು ಕಣ್ಣುಮುಚ್ಚಿ ಕೇಳಿ. ಸಿ ಮೇಜರ್‌ನಲ್ಲಿ ಐದನೆಯ ತಂತಿಯಿಂದ ಕ್ರಮವಾಗಿ ಸ, ಗ, ಪ, ಸ, ಗ. ಮೊದಲು ಸ್ವರವನ್ನು ಹಾಡಿ, ಆಮೇಲೆ ಮೀಟಿ. ಯಾವುದು ಮೂಕವಾಗಿದೆ ಎಂಬುದನ್ನು ಕಿವಿಯೇ ಹೇಳುತ್ತದೆ.

ಗೋಣಿಕೊಪ್ಪದಿಂದ:
ಮೇಲಿನ ಇಬ್ಬರೂ ಕೈಯ ವಿಚಾರ ಹೇಳಿದ್ದಾರೆ. ಆದರೆ ಮಳೆ ಹಿಡಿದ ಮೇಲೆ ಕಷ್ಟವಾಯಿತು ಎಂದಿದ್ದೀರಿ, ಅಲ್ಲಿ ತಪ್ಪು ನಿಮ್ಮದಾಗಿರಲಿಕ್ಕಿಲ್ಲ. ನಮ್ಮ ಕೊಡಗಿನ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಗಿಟಾರಿನ ಮೇಲ್ಹಲಗೆ ಏಳುತ್ತದೆ, ಅದರೊಂದಿಗೆ ತಂತಿಗಳೂ ಮೇಲೇರುತ್ತವೆ. ಹನ್ನೆರಡನೇ ಫ್ರೆಟ್‌ನ ಬಳಿ ತಂತಿಗೂ ಫ್ರೆಟ್ಟಿಗೂ 3 ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಹೊಸಬರ ಬೆರಳಿಗೆ ಅದು ಶಿಕ್ಷೆಯೇ ಸರಿ. ಮೊದಲ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್) ಹಾಕಿ ಅದೇ ಆಕಾರಗಳನ್ನು ಹಿಡಿದು ನೋಡಿ. ಒಮ್ಮೆಲೇ ಹಗುರವಾದರೆ ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿಯಾದ ನಟ್‌ನ ಗೀರುಗಳು ಎತ್ತರವಾಗಿವೆ ಎಂದು ತಿಳಿಯಿರಿ. ಗಿಟಾರ್ ರಿಪೇರಿ ಬಲ್ಲವರ ಕೈಗೇ ಕೊಡಿ, ಮನೆಯಲ್ಲಿ ಅರ ಹಾಕಬೇಡಿ.

ಹೊರಗೋಡೆಗೆ ತೂಗುಹಾಕಬೇಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ತೇವ ಆರಲೆಂದು ಒಲೆಯ ಹತ್ತಿರ ಇಟ್ಟರೆ ಮರ ಸೀಳುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿ ಒರೆಸಿ, ತುಕ್ಕು ಹಿಡಿದ ತಂತಿ ಬೆರಳನ್ನು ಇನ್ನೂ ಹೆಚ್ಚು ಕೆರೆಯುತ್ತದೆ. ಹೊಸದು ಹಾಕಿಸುವಾಗ .010 ಇಂಚು ಅಳತೆಯ ತೆಳು ತಂತಿ ಕೇಳಿ.

ವಿರಾಜಪೇಟೆಯಿಂದ:
ಉರಿಯ ಬಗ್ಗೆ ಹೆದರಬೇಡಿ, ಚರ್ಮ ಗಟ್ಟಿಯಾಗುತ್ತದೆ. ಒಂದೇ ಸಲ ಗಂಟೆಗಟ್ಟಲೆ ಕೂರುವ ಬದಲು ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ನುಡಿಸಿ. ಆದರೆ ಮಣಿಕಟ್ಟು ನೋಯುತ್ತಿದ್ದರೆ ಅಂದಿಗೆ ನಿಲ್ಲಿಸಿಬಿಡಿ, ಆ ನೋವನ್ನು ಸಹಿಸಿಕೊಂಡು ನುಡಿಸಲೇಬಾರದು. ಸಿ ಕೂಡಿಬಂದ ಕೂಡಲೇ ಎಫ್ ಮೇಜರ್‌ನತ್ತ ಮನಸ್ಸು ಓಡುತ್ತದೆ. ತೋರುಬೆರಳೊಂದರಿಂದಲೇ ಆರೂ ತಂತಿಗಳನ್ನು ಅಡ್ಡ ಒತ್ತುವ ಪೂರ್ತಿ ಬಾರ್ ಹಿಡಿತಕ್ಕೆ ಆತುರ ಬೇಡ. ನಾಲ್ಕನೆಯ ತಂತಿಯ ಮೂರನೇ ಫ್ರೆಟ್, ಮೂರನೆಯದರ ಎರಡನೇ ಫ್ರೆಟ್ ಒತ್ತಿ, ಮೊದಲ ಎರಡು ತಂತಿಗಳ ಮೊದಲ ಫ್ರೆಟ್ ಮೇಲೆ ತೋರುಬೆರಳನ್ನು ಅಡ್ಡ ಮಲಗಿಸಿ. ಈ ನಾಲ್ಕೇ ತಂತಿಗಳಲ್ಲಿ ಎಫ್ ಮೇಜರಿನ ಮೂರೂ ಸ್ವರಗಳಿವೆ, ಹಾಡಿಗೆ ಅಷ್ಟು ಸಾಕು.