ಕೋಡ್ ಬರೆಯಲು ಯಾವ ಫಾಂಟ್? ಸೊನ್ನೆ-ಓ ಗೊಂದಲ, ಕೆಳಸಾಲಿಗೆ ತಾಗುವ ಒತ್ತಕ್ಷರ, ಓರೆಯಾಗುವ ಪಟ್ಟಿ

ಪುಸ್ತಕದ ಕಪಾಟು:

ನಮಸ್ಕಾರ. ನಮ್ಮೂರಿನ ಗ್ರಂಥಾಲಯದ ಪುಸ್ತಕಗಳ ಪಟ್ಟಿಗಾಗಿ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಶೀರ್ಷಿಕೆಗಳೆಲ್ಲ ಕನ್ನಡದಲ್ಲಿವೆ. ಮೂರು ತೊಂದರೆಗಳು ಒಟ್ಟಿಗೇ ಕಾಡುತ್ತಿವೆ.

ನಿನ್ನೆ ಸಂಜೆ ಎರಡು ಗಂಟೆ ಒಂದು ತಪ್ಪನ್ನು ಹುಡುಕಿದೆ. ಕೊನೆಗೆ ನೋಡಿದರೆ 1 ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಸಣ್ಣ ಎಲ್ ಕುಳಿತಿತ್ತು. ಅದೇ ಹೆಸರಿನ ವೇರಿಯಬಲ್ (ಮೌಲ್ಯವೊಂದಕ್ಕೆ ಕೊಟ್ಟ ಹೆಸರು) ಮೊದಲೇ ಇದ್ದುದರಿಂದ ಪೈಥಾನ್ ಯಾವ ದೋಷವನ್ನೂ ತೋರಿಸಲಿಲ್ಲ. ಸೊನ್ನೆ ಮತ್ತು ದೊಡ್ಡ ಓ ನಡುವೆಯೂ ಇದೇ ಗೊಂದಲ.

ಇನ್ನು, ರಾಷ್ಟ್ರ, ಶಾಸ್ತ್ರದಂತಹ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿ ಕಲಸಿಹೋಗುತ್ತವೆ. ಪಟ್ಟಿಯನ್ನು ಪ್ರೋಗ್ರಾಂನ ಉತ್ತರ ಮೂಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಮುದ್ರಿಸಿದರೆ, ಎಷ್ಟು ಖಾಲಿ ಜಾಗ ಸೇರಿಸಿದರೂ ಕಾಲಂಗಳು ನೇರವಾಗಿ ನಿಲ್ಲುವುದಿಲ್ಲ.

ಈ ಮೂರನ್ನೂ ಸರಿಪಡಿಸುವ ಒಂದು ಫಾಂಟ್ ಹೇಳುತ್ತೀರಾ? ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಮೊನೊಸ್ಪೇಸ್ ಫಾಂಟ್ (ಎಲ್ಲ ಅಕ್ಷರಗಳಿಗೂ ಒಂದೇ ಅಗಲ ಇರುವಂಥದ್ದು) ಸಿಕ್ಕಿದರೆ ಇನ್ನೂ ಒಳ್ಳೆಯದು.

ಅರ್ಧಚಂದ್ರ:

ಉತ್ತರಿಸುವ ಮೊದಲು ಸ್ವಲ್ಪ ವಿವರ ಬೇಕು. ಯಾವ ಎಡಿಟರ್, ಈಗ ಯಾವ ಫಾಂಟ್, ಗಾತ್ರ ಎಷ್ಟು? ಸಾಲಿನ ಎತ್ತರವನ್ನು ಎಂದಾದರೂ ಬದಲಿಸಿದ್ದೀರಾ?

ಪುಸ್ತಕದ ಕಪಾಟು:

ವಿಂಡೋಸ್ 11, ವಿಎಸ್ ಕೋಡ್. ಫಾಂಟ್ ಕೊರಿಯರ್ ನ್ಯೂ, ಗಾತ್ರ 14. ಕಾಲೇಜಿನ ಲ್ಯಾಬ್‌ನಲ್ಲಿ ಅದನ್ನೇ ಬಳಸುತ್ತಿದ್ದೆವು, ಹಾಗಾಗಿ ಇಟ್ಟುಕೊಂಡೆ. ಸಾಲಿನ ಎತ್ತರವನ್ನು ಮುಟ್ಟಿಲ್ಲ.

ಅರ್ಧಚಂದ್ರ:

ಹಾಗಾದರೆ ಮೊದಲ ತೊಂದರೆಗೆ ಕಾರಣ ಕೊರಿಯರ್ ನ್ಯೂ. ಅದರಲ್ಲಿ ಸೊನ್ನೆಯೊಳಗೆ ಚುಕ್ಕೆಯಿಲ್ಲ, ಗೆರೆಯಿಲ್ಲ. 1 ಮತ್ತು ಸಣ್ಣ ಎಲ್ ಎರಡಕ್ಕೂ ಕೆಳಗೆ ಒಂದೇ ಬಗೆಯ ಪಾದ. ಅದು ಟೈಪ್‌ರೈಟರ್ ಕಾಲದ ರೂಪ. ಕಾಗದದ ಮೇಲೆ ಓದುವವರು ಸಂದರ್ಭ ನೋಡಿ ಅರ್ಥಮಾಡಿಕೊಳ್ಳುತ್ತಿದ್ದರು, ಕಂಪ್ಯೂಟರ್ ಹಾಗೆ ಮಾಡುವುದಿಲ್ಲ.

ಯಾರೋ ಹೊಗಳಿದರೆಂದು ಫಾಂಟ್ ಆರಿಸಬೇಡಿ. ಒಂದು ಖಾಲಿ ಕಡತದಲ್ಲಿ ಗೊಂದಲದ ಗುಂಪುಗಳನ್ನು ಅಕ್ಕಪಕ್ಕ ಬರೆಯಿರಿ: ಸೊನ್ನೆ ಮತ್ತು ದೊಡ್ಡ ಓ; 1, ಸಣ್ಣ ಎಲ್, ದೊಡ್ಡ ಐ ಮತ್ತು ನೇರ ಗೆರೆ |; ಅಲ್ಪವಿರಾಮ ಮತ್ತು ಚುಕ್ಕೆ; { ಮತ್ತು (. ನೀವು ದಿನವೂ ಕೂರುವಷ್ಟೇ ದೂರದಲ್ಲಿ, ದಿನವೂ ಬಳಸುವ ಗಾತ್ರದಲ್ಲೇ ನೋಡಿ. ತಡವರಿಸದೆ ಓದಲು ಆಗುವುದೇ ನಿಮ್ಮ ಫಾಂಟ್. ನಿಮ್ಮ ಗಣಕದಲ್ಲೇ ಇರುವ ಕನ್ಸೋಲಾಸ್‌ನ ಸೊನ್ನೆಗೆ ಓರೆಗೆರೆ ಇದೆ. ಸೋರ್ಸ್ ಕೋಡ್ ಪ್ರೋ ಮತ್ತು ಐಬಿಎಂ ಪ್ಲೆಕ್ಸ್ ಮೊನೊಗಳ ಸೊನ್ನೆಯ ನಡುವೆ ಚುಕ್ಕೆ ಇದೆ. ಜೆಟ್‌ಬ್ರೈನ್ಸ್ ಮೊನೊದಲ್ಲಿ ಸಣ್ಣಕ್ಷರಗಳೇ ಎತ್ತರವಾಗಿರುವುದರಿಂದ ಚಿಕ್ಕ ಗಾತ್ರದಲ್ಲೂ ಕಣ್ಣಿಗೆ ಶ್ರಮವಿಲ್ಲ. ಈ ಕೊನೆಯ ಮೂರೂ ಮುಕ್ತ ಪರವಾನಗಿಯವು, ಹಣ ಕೊಡಬೇಕಿಲ್ಲ.

ಜೊತೆಗೆ ಆ ವೇರಿಯಬಲ್ಲಿನ ಹೆಸರನ್ನೂ ಬದಲಿಸಿ. ಸಣ್ಣ ಎಲ್, ದೊಡ್ಡ ಓ, ದೊಡ್ಡ ಐ ಇವುಗಳನ್ನು ಒಂಟಿ ಅಕ್ಷರದ ಹೆಸರುಗಳಾಗಿ ಬಳಸಲೇಬಾರದು ಎಂದು ಪೈಥಾನ್‌ನ ಶೈಲಿ ಮಾರ್ಗಸೂಚಿ ಪೆಪ್ 8 ಹೇಳುತ್ತದೆ. ಒಳ್ಳೆಯ ಫಾಂಟ್ ಇದ್ದರೂ ಈ ನಿಯಮ ಬೇಕು; ನಿಮ್ಮ ಕೋಡನ್ನು ನಾಳೆ ಇನ್ನೊಬ್ಬರು ಇನ್ನೊಂದು ಫಾಂಟ್‌ನಲ್ಲಿ ಓದುತ್ತಾರೆ.

ಈಗ ಕನ್ನಡದ ವಿಷಯ. ನಾನು ಹೇಳಿದ ಯಾವ ಫಾಂಟ್‌ನಲ್ಲೂ ಕನ್ನಡ ಅಕ್ಷರಗಳಿಲ್ಲ. ನಿಮಗೆ ಕಾಣುತ್ತಿರುವ ಕನ್ನಡ ಕೊರಿಯರ್ ನ್ಯೂನದೂ ಅಲ್ಲ. ವಿಂಡೋಸ್ ಅದನ್ನು ನಿರ್ಮಲಾ ಯುಐ ಫಾಂಟ್‌ನಿಂದ ಎರವಲು ತಂದು ತೋರಿಸುತ್ತಿದೆ. ಆದ್ದರಿಂದ ಒಂದೇ ಫಾಂಟ್ ಹುಡುಕುವ ಬದಲು ಎರಡನ್ನು ಜೋಡಿಸಿ. ಸೆಟ್ಟಿಂಗ್ಸ್‌ನ ಫಾಂಟ್ ಫ್ಯಾಮಿಲಿಯಲ್ಲಿ ಇಂಗ್ಲಿಷಿನ ಮೊನೊಸ್ಪೇಸ್ ಫಾಂಟ್, ಅಲ್ಪವಿರಾಮ, ಆಮೇಲೆ ನೋಟೋ ಸ್ಯಾನ್ಸ್ ಕನ್ನಡ ಎಂದು ಬರೆಯಿರಿ.

ಒತ್ತಕ್ಷರದ ತೊಂದರೆ ಇರುವುದು ಸಾಲಿನ ಎತ್ತರದಲ್ಲಿ. ಗಾತ್ರ 14 ಇದ್ದಾಗ ವಿಎಸ್ ಕೋಡ್ ವಿಂಡೋಸ್‌ನಲ್ಲಿ ಸಾಲಿಗೆ 19 ಪಿಕ್ಸೆಲ್ ಮಾತ್ರ ಕೊಡುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ‘ಷ್ಟ್ರ’ದಲ್ಲಿ ಷಕಾರದ ಅಡಿಯಲ್ಲಿ ಟ, ರ ಎರಡೂ ಒತ್ತುಗಳು ಕೂರಬೇಕಲ್ಲ! ಲೈನ್ ಹೈಟ್‌ನಲ್ಲಿ 1.7 ಎಂದು ಕೊಡಿ, ಸಾಲಿಗೆ ಸುಮಾರು 24 ಪಿಕ್ಸೆಲ್ ಸಿಗುತ್ತದೆ. ಅಲ್ಲಿ 8ಕ್ಕಿಂತ ಚಿಕ್ಕ ಸಂಖ್ಯೆ ಕೊಟ್ಟರೆ ಅಕ್ಷರದ ಗಾತ್ರದ ಅಷ್ಟು ಪಟ್ಟು ಎಂದು ಅರ್ಥ. 8 ಅಥವಾ ಹೆಚ್ಚು ಕೊಟ್ಟರೆ ನೇರವಾಗಿ ಪಿಕ್ಸೆಲ್.

ಪುಸ್ತಕದ ಕಪಾಟು:

ಒತ್ತಕ್ಷರಗಳು ಈಗ ಸ್ಪಷ್ಟವಾಗಿವೆ, ತುಂಬಾ ಧನ್ಯವಾದ. ಆದರೆ ಫಾಂಟ್ ಬದಲಿಸಿದ ಮೇಲೆ ಇಂಗ್ಲಿಷ್ ಕೋಡ್ ಅಂಕುಡೊಂಕಾಗಿದೆ. ಅಕ್ಷರಗಳ ಅಗಲ ಒಂದೇ ಸಮನಾಗಿಲ್ಲ.

ಅರ್ಧಚಂದ್ರ:

ನೋಟೋ ಸ್ಯಾನ್ಸ್ ಕನ್ನಡವನ್ನು ಮೊದಲು ಬರೆದಿದ್ದೀರಿ ಎಂದು ಕಾಣುತ್ತದೆ. ಕನ್ನಡ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳೂ ಇರುವುದುಂಟು, ಅವು ಮೊನೊಸ್ಪೇಸ್ ಅಲ್ಲ. ಎಡಿಟರ್ ಪಟ್ಟಿಯನ್ನು ಮೊದಲಿನಿಂದ ನೋಡುತ್ತದೆ. ಅಕ್ಷರ ಎಲ್ಲಿ ಸಿಕ್ಕಿತೋ ಅಲ್ಲಿಗೇ ನಿಲ್ಲುತ್ತದೆ. ಕ್ರಮ ಅದಲುಬದಲು ಮಾಡಿ.

ನೇರ ಗೆರೆ:

ನಡುವೆ ಬಾಯಿ ಹಾಕುತ್ತಿದ್ದೇನೆ. ಫಿರಾ ಕೋಡ್ ಕೂಡ ನೋಡಿ. ಅದರಲ್ಲಿ != ಎಂದು ಒತ್ತಿದರೆ ಎರಡೂ ಬೆಸೆದು ಅಸಮ ಚಿಹ್ನೆಯಂತೆ ಕಾಣುತ್ತದೆ, => ಬಾಣವಾಗುತ್ತದೆ. ಅಭ್ಯಾಸವಾದರೆ ಕೋಡ್ ಓದುವುದು ಹಿತವೆನಿಸುತ್ತದೆ.

ಅರ್ಧಚಂದ್ರ:

ಹಿತವೇ, ಒಪ್ಪುತ್ತೇನೆ. ಆದರೂ ಕಲಿಯುವ ಹಂತದಲ್ಲಿ ನಾನು ಅದನ್ನು ಸೂಚಿಸುವುದಿಲ್ಲ. ಒತ್ತಿದ್ದು ಎರಡು ಅಕ್ಷರ, ಕಾಣುವುದು ಒಂದು ಆಕೃತಿ ಎಂದಾದಾಗ ತಪ್ಪು ಹುಡುಕುವವರಿಗೆ ಅನುಮಾನ ಹೆಚ್ಚುತ್ತದೆ. ವಿಎಸ್ ಕೋಡ್‌ನಲ್ಲಿ ಈ ಬೆಸುಗೆ ತಾನಾಗಿ ಚಾಲೂ ಇರುವುದಿಲ್ಲ, ಹಾಗೆಯೇ ಬಿಡಿ. ಬೆಸುಗೆ ಬೇಡದವರಿಗೆ ಕ್ಯಾಸ್ಕೇಡಿಯಾ ಕೋಡ್ ಎಂಬ ಫಾಂಟ್‌ಗೆ ಕ್ಯಾಸ್ಕೇಡಿಯಾ ಮೊನೊ ಎಂಬ ಬೆಸುಗೆಯಿಲ್ಲದ ಜೊತೆಗಾರನಿದೆ.

ಪುಸ್ತಕದ ಕಪಾಟು:

ಕ್ರಮ ಬದಲಿಸಿದೆ, ಸರಿಹೋಯಿತು. ಕನ್ಸೋಲಾಸ್ ಮತ್ತು ಜೆಟ್‌ಬ್ರೈನ್ಸ್ ಮೊನೊ ಎರಡನ್ನೂ ನೀವು ಹೇಳಿದಂತೆ ಪರೀಕ್ಷಿಸಿ ಎರಡನೆಯದನ್ನು ಇಟ್ಟುಕೊಂಡೆ. ಆದರೆ ಟರ್ಮಿನಲ್‌ನ ಪಟ್ಟಿ ಇನ್ನೂ ಓರೆಯಾಗಿಯೇ ಇದೆ. ಅದಕ್ಕೆ ಬೇರೆ ಫಾಂಟ್ ಬೇಕೇ?

ಒತ್ತಕ್ಷರ:

ಇಲ್ಲ. ಇದನ್ನು ಯಾವ ಫಾಂಟ್‌ನಿಂದಲೂ ಸರಿಪಡಿಸಲಾಗದು. ನಾನೂ ಇದಕ್ಕಾಗಿ ಬಹಳ ದಿನ ಫಾಂಟ್ ಹುಡುಕಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಪೈಥಾನ್‌ನಲ್ಲಿ ಶೀರ್ಷಿಕೆಗೆ 20 ಸ್ಥಾನ ಕೊಟ್ಟಿದ್ದೀರಿ ಎಂದುಕೊಳ್ಳಿ. ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು (ಕಂಪ್ಯೂಟರ್ ಪ್ರತಿ ಮೂಲಾಕ್ಷರಕ್ಕೂ ಚಿಹ್ನೆಗೂ ಬೇರೆಬೇರೆಯಾಗಿ ಇಟ್ಟುಕೊಳ್ಳುವ ಸಂಕೇತ), ಅಕ್ಷರಗಳನ್ನಲ್ಲ. ‘ಕಮಲ’ ಎಂದರೆ ಮೂರು ಸಂಕೇತ, ಆದ್ದರಿಂದ 17 ಖಾಲಿ ಜಾಗ ಸೇರಿಸುತ್ತದೆ. ‘ಮೈಸೂರು’ ಕೂಡ ನಮಗೆ ಮೂರೇ ಅಕ್ಷರ. ಆದರೆ ಮ, ಐತ್ವ, ಸ, ದೀರ್ಘ ಊತ್ವ, ರ, ಉತ್ವ ಎಂದು ಆರು ಸಂಕೇತಗಳಾಗಿ 14 ಖಾಲಿ ಜಾಗ ಮಾತ್ರ ಬೀಳುತ್ತದೆ. ‘ಕ್ಷ’ ಒಂದೇ ಅಕ್ಷರಕ್ಕೆ ಕ, ಹಲಂತ ಚಿಹ್ನೆ (್), ಷ ಎಂದು ಮೂರು. ಇದರ ಮೇಲೆ ಟರ್ಮಿನಲ್ ಪರದೆಯನ್ನು ಚೌಕುಳಿಗಳಾಗಿ ಭಾಗಿಸಿ ಪ್ರತಿ ಸಂಕೇತಕ್ಕೆ ಎಷ್ಟು ಚೌಕ ಎಂದು ತನ್ನದೇ ಲೆಕ್ಕ ಹಾಕುತ್ತದೆ. ಸ್ವರಚಿಹ್ನೆಗಳ ವಿಷಯದಲ್ಲಿ ಒಂದೊಂದು ಟರ್ಮಿನಲ್‌ಗೆ ಒಂದೊಂದು ಲೆಕ್ಕ. ಕಣ್ಣಿಗೆ ಕಾಣುವ ಅಗಲ ಇವೆರಡಕ್ಕೂ ಹೊಂದುವುದಿಲ್ಲ. ರ ಎಷ್ಟು ಕಿರಿದು, ಋ ಎಷ್ಟು ಅಗಲ ನೋಡಿ. ಎರಡನ್ನೂ ಒಂದೇ ಚೌಕದಲ್ಲಿ ತುರುಕಿದರೆ ಓದಲು ಆಗದು.

ಸುಲಭದ ದಾರಿ: ಕನ್ನಡದ ಕಾಲಂ ಅನ್ನು ಸಾಲಿನ ಕೊನೆಗೆ ಹಾಕಿ. ಕ್ರಮಸಂಖ್ಯೆ, ವರ್ಷ, ಬೆಲೆ ಮೊದಲು ಬರಲಿ, ಅವೆಲ್ಲ ಅಂಕಿಗಳು, ನೇರ ನಿಲ್ಲುತ್ತವೆ. ಶೀರ್ಷಿಕೆಯ ಬಲಕ್ಕೆ ಏನೂ ಇಲ್ಲದಿದ್ದರೆ ಅದರ ಅಗಲ ಎಷ್ಟಾದರೂ ತೊಂದರೆಯಿಲ್ಲ. ಗ್ರಂಥಾಲಯದವರಿಗೆ ಕೊಡುವ ಪ್ರತಿಯನ್ನು, ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸಿಎಸ್‌ವಿ ಕಡತವಾಗಿ ಬರೆಯಿರಿ. ಅದನ್ನು ಎಕ್ಸೆಲ್‌ನಲ್ಲಿ ತೆರೆಯುವುದಾದರೆ ಅಕ್ಷರಗಳನ್ನು ಉಳಿಸುವ ಕ್ರಮ, ಅಂದರೆ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ (utf-8-sig) ಇರಲಿ, ಇಲ್ಲದಿದ್ದರೆ ಕನ್ನಡ ಚೆಲ್ಲಾಪಿಲ್ಲಿಯಾಗಿ ಕಾಣಬಹುದು.

ಇನ್ನೊಂದು ವಿಷಯ ಪರೀಕ್ಷಿಸಿ. ಇಂಗ್ಲಿಷಿನ ಸೊನ್ನೆ-ಓ ಗೊಂದಲದ ಹಾಗೆ ಕನ್ನಡದಲ್ಲೂ ಒಂದಿದೆ: ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತುವುದು. ‘ಸಂಖ್ಯೆ’ ಮತ್ತು ‘ಸ೦ಖ್ಯೆ’ ಕಣ್ಣಿಗೆ ಬಹುತೇಕ ಒಂದೇ. ಆದರೆ ಮೊದಲನೆಯದನ್ನು ಒತ್ತಿ ಹುಡುಕಿದರೆ ಎರಡನೆಯದು ಸಿಗುವುದಿಲ್ಲ.

ಪುಸ್ತಕದ ಕಪಾಟು:

ಶೀರ್ಷಿಕೆಯನ್ನು ಕೊನೆಗೆ ಹಾಕಿದೆ, ಪಟ್ಟಿ ನೇರವಾಯಿತು. ನೀವು ಹೇಳಿದ ಸೊನ್ನೆಯೂ ಹನ್ನೊಂದು ಶೀರ್ಷಿಕೆಗಳಲ್ಲಿ ಸಿಕ್ಕಿತು! ಆ ಪುಸ್ತಕಗಳು ಇದ್ದೂ ಇಲ್ಲ ಎಂದು ಓದುಗರಿಗೆ ಹೇಳಿ ಕಳಿಸುತ್ತಿದ್ದೆವೇನೋ ಎಂದು ನೆನೆದರೆ ಬೇಸರವಾಗುತ್ತದೆ. ಎಲ್ಲ ಕಡತಗಳಲ್ಲೂ ಒಂದೇ ಸಲ ಬದಲಿಸಿಬಿಡಲೇ?

ಒತ್ತಕ್ಷರ:

ಒಂದೇ ಸಲ ಬೇಡ. ‘ಭಾಗ ೧೦’ ಎಂಬಂತಹ ಶೀರ್ಷಿಕೆಯಲ್ಲಿ ಅದು ನಿಜವಾದ ಸೊನ್ನೆ. ಹಿಂದೆ ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆ ಇರುವ ಕಡೆ ಮಾತ್ರ ಬದಲಿಸಿ, ಹಿಂದೆ ಅಂಕಿ ಇದ್ದರೆ ಬಿಡಿ. ಬದಲಿಸುವ ಮೊದಲು ಕಡತದ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.